ಜೇಬಿಗೆ ಹಿಡಿಯೋ ಕ್ಯಾಮೆರಾನೋ, ಮಳೆಗೆ ಹೆದರದ ಕ್ಯಾಮೆರಾನೋ?

ಮೇ ತಿಂಗಳ ಕೊನೆ ಬಂತು ಅಂದ್ರೆ ಛತ್ರಿ ರಿಪೇರಿಯವರ ಹಾಗೆ ನನಗೂ ಸೀಸನ್ ಶುರು. "ಮೇಡಂ, ಮಿರರ್‌ಲೆಸ್ ಕ್ಯಾಮೆರಾ ತಗೊಳ್ತಿದ್ದೀನಿ. ಚಿಕ್ಕದು ತಗೊಳ್ಳಲಾ, ವೆದರ್ ಸೀಲಿಂಗ್ ಇರೋದು ತಗೊಳ್ಳಲಾ?" ಕೇಳೋರಲ್ಲಿ ಅರ್ಧ ಜನ ಜುಲೈಗೆ ಚಿಕ್ಕಮಗಳೂರು ಕಡೆ ಟ್ರೆಕ್ ಬುಕ್ ಮಾಡಿರ್ತಾರೆ. ಉಳಿದರ್ಧ ಜನ ಯಾವುದೋ ವಿಡಿಯೋದಲ್ಲಿ ಯಾರೋ ಕ್ಯಾಮೆರಾ ಮೇಲೆ ಬಾಟಲಿ ನೀರು ಸುರಿಯೋದನ್ನ ನೋಡಿರ್ತಾರೆ.

ಎರಡರಲ್ಲಿ ಒಂದನ್ನ ಬಿಡಲೇಬೇಕು ಅನ್ನೋ ಲೆಕ್ಕ ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ಫ್ಯೂಜಿಫಿಲ್ಮ್‌ನ ಎರಡು ಕ್ಯಾಮೆರಾ ಪಕ್ಕಪಕ್ಕ ಇಡಿ. 2022ರ ಎಕ್ಸ್-ಟಿ5 ಮತ್ತು 2024ರ ಎಕ್ಸ್-ಟಿ50. ಎರಡರಲ್ಲೂ ಅದೇ 40 ಮೆಗಾಪಿಕ್ಸೆಲ್ ಸೆನ್ಸರ್, ಅದೇ ಪ್ರೊಸೆಸರ್. ಟಿ5ಗೆ ಸೀಲಿಂಗ್ ಇದೆ, ಟಿ50ಗೆ ಇಲ್ಲ. ಬ್ಯಾಟರಿ, ಕಾರ್ಡ್ ಸೇರಿ ಮೊದಲನೆಯದು 557 ಗ್ರಾಂ, ಎರಡನೆಯದು 438 ಗ್ರಾಂ. ಈ 119 ಗ್ರಾಂ ಪೂರ್ತಿ ಸೀಲಿಂಗ್‌ನದ್ದು ಅಂದ್ಕೊಳ್ಳಬೇಡಿ. ಟಿ5ರಲ್ಲಿ ಬ್ಯಾಟರಿ ದೊಡ್ಡದು, ಕಾರ್ಡ್ ಸ್ಲಾಟ್ ಎರಡು, ವ್ಯೂಫೈಂಡರ್ ದೊಡ್ಡದು, ಹಿಡಿಯೋಕೆ ದಪ್ಪನೆಯ ಗ್ರಿಪ್ ಇದೆ. ಸೀಲಿಂಗ್ ಅನ್ನೋದು ಒಂದಷ್ಟು ರಬ್ಬರ್ ಪಟ್ಟಿ, ಫೋಮ್ ತುಂಡು, ಬಟನ್ ಮತ್ತು ಡಯಲ್ ಕೆಳಗೆ ಕೂರೋ ಸಣ್ಣ ರಿಂಗುಗಳು, ಒಂದರೊಳಗೊಂದು ಕೂರೋ ಅಂಚುಗಳು. ಕೈಗೆ ಭಾರ ಅನಿಸೋವಷ್ಟು ತೂಕ ಅದರದ್ದಲ್ಲ.

ನನ್ನ ಪ್ರಕಾರ ಇದು ವ್ಯಾಪಾರದ ಲೆಕ್ಕ. ಕಂಪನಿಗಳು ಸೀಲಿಂಗನ್ನ ಮೇಲಿನ ದರ್ಜೆಯ ಮಾಡೆಲ್‌ಗೆ ಮೀಸಲಿಟ್ಟಿವೆ, ಆ ದರ್ಜೆಯ ಮಾಡೆಲ್ ದೊಡ್ಡದಾಗಿರುತ್ತೆ, ಅಷ್ಟೇ. ಪುಷ್‌ಬ್ಯಾಕ್ ಸೀಟು ಬೇಕಂದ್ರೆ ಎಸಿ ಬಸ್ಸಿನ ಟಿಕೆಟ್ಟೇ ತಗೊಳ್ಳಿ ಅಂದ ಹಾಗೆ. ಕ್ಯಾನನ್‌ದೂ ಇದೇ ಕಥೆ: 375 ಗ್ರಾಮಿನ ಆರ್50, 429 ಗ್ರಾಮಿನ ಆರ್10 ಎರಡಕ್ಕೂ ಸೀಲಿಂಗ್ ಇಲ್ಲ, 612 ಗ್ರಾಮಿನ ಆರ್7ಗೆ ಇದೆ.

ಚಿಕ್ಕದರಲ್ಲಿ ಸೀಲಿಂಗ್ ಆಗೋದೇ ಇಲ್ಲ ಅನ್ನೋರಿಗೆ ಉತ್ತರ ಓಎಂ ಸಿಸ್ಟಮ್‌ನ ಓಎಂ-5. ಹಳೇ ಒಲಿಂಪಸ್ ಕ್ಯಾಮೆರಾ ವಿಭಾಗದ ಈಗಿನ ಹೆಸರು ಅದು. 2022ರಲ್ಲಿ ಬಂದ ಓಎಂ-5ರ ತೂಕ 414 ಗ್ರಾಂ, ಅಂದ್ರೆ ಟಿ50ಗಿಂತಲೂ ಹಗುರ. ಆದರೂ ಅದಕ್ಕೆ ಐಪಿ53 ಅನ್ನೋ ರೇಟಿಂಗ್ ಇದೆ. ಬೇರೆ ಹಲವು ಕಂಪನಿಗಳು "ಧೂಳು ಮತ್ತು ತೇವ ತಡೆಯೋ ಹಾಗೆ ವಿನ್ಯಾಸ ಮಾಡಿದ್ದೀವಿ, ಆದರೆ ಗ್ಯಾರಂಟಿ ಇಲ್ಲ" ಅಂತ ಜಾರಿಕೊಳ್ಳೋ ಜಾಗದಲ್ಲಿ ಇವರು ಒಂದು ಸಂಖ್ಯೆ ಕೊಡ್ತಾರೆ. ಅದೇ ನನಗೆ ಇಷ್ಟ.

ಸಂಖ್ಯೆ ಕೊಟ್ಟ ಮೇಲೆ ಅದನ್ನ ಓದೋಕೂ ಬರಬೇಕು. ಮೊದಲ ಅಂಕಿ ಧೂಳಿಂದು. 5 ಅಂದ್ರೆ ಸ್ವಲ್ಪ ಧೂಳು ಒಳಗೆ ಹೋಗಬಹುದು, ಆದರೆ ಕೆಲಸ ಕೆಡಿಸುವಷ್ಟು ಹೋಗಲ್ಲ. ಎರಡನೇ ಅಂಕಿ ನೀರಿಂದು. 3 ಅಂದ್ರೆ ನೆತ್ತಿಯಿಂದ ಹಿಡಿದು 60 ಡಿಗ್ರಿವರೆಗೆ ಓರೆಯಾಗಿ ಬೀಳೋ ಸಿಂಪರಣೆಯನ್ನ ತಡೆಯುತ್ತೆ. ಘಟ್ಟದ ಮೇಲೆ ಗಾಳಿ ಜೊತೆ ಅಡ್ಡಡ್ಡ ಬಂದು ಮುಖಕ್ಕೆ ಹೊಡೆಯೋ ಮಳೆ ಈ ಲೆಕ್ಕದಲ್ಲಿಲ್ಲ. ಹೊಳೆಗೆ ಬಿದ್ದರಂತೂ ಕೇಳೋದೇ ಬೇಡ. "ನನ್ನ ಫೋನೇ ಐಪಿ68, ಲಕ್ಷ ಕೊಟ್ಟ ಕ್ಯಾಮೆರಾ ಬರೀ 53ಆ?" ಅಂತ ಒಬ್ಬರು ಕೇಳಿದ್ರು. ಫೋನಿಗೆ ಬ್ಯಾಟರಿ ಬಾಗಿಲಿಲ್ಲ, ತಿರುಗೋ ಡಯಲ್ ಇಲ್ಲ, ಬಿಚ್ಚೋ ಲೆನ್ಸ್ ಇಲ್ಲ. ಅಂಟು ಹಾಕಿ ಮುಚ್ಚಿಬಿಡಬಹುದು. ಕ್ಯಾಮೆರಾ ಹಾಗಲ್ಲ, ಅದರ ಮುಂದೆ ಒಂದು ದೊಡ್ಡ ತೂತೇ ಇದೆ. ಆ ತೂತಿಗೆ ನೀವು ಯಾವ ಲೆನ್ಸ್ ಹಾಕ್ತೀರಿ ಅನ್ನೋದೂ ಅಷ್ಟೇ ಮುಖ್ಯ. ಬಾಡಿ ಎಷ್ಟೇ ಭದ್ರವಾಗಿರಲಿ, ಲೆನ್ಸಿನ ರಕ್ಷಣೆ ಅದಕ್ಕಿಂತ ಕಮ್ಮಿ ಇದ್ರೆ ಲೆಕ್ಕಕ್ಕೆ ಬರೋದು ಕಮ್ಮಿ ಇರೋದೇ. ಲೆನ್ಸ್ ತಿರುಗಿಸಿ ನೋಡಿ, ಮೌಂಟಿನ ಸುತ್ತ ತೆಳು ರಬ್ಬರ್ ಉಂಗುರ ಇದ್ರೆ ಅದು ಸೀಲ್ ಆಗಿರೋದು. ಫ್ಯೂಜಿಯವರು ಲೆನ್ಸಿನ ಹೆಸರಲ್ಲೇ ಡಬ್ಲ್ಯೂಆರ್ ಅಂತ ಸೇರಿಸ್ತಾರೆ. ಅವರ ಎಕ್ಸ್100 ಸರಣಿಯದ್ದು ಇನ್ನೂ ತಮಾಷೆ. ಎಲ್ಲರೂ ಮುಗಿಬಿದ್ದು ಕೊಂಡ ಎಕ್ಸ್100-6ಕ್ಕೆ ಅಡಾಪ್ಟರ್ ರಿಂಗ್ ಮತ್ತು ಫಿಲ್ಟರ್ ಬೇರೆ ಹಾಕಿದರೆ ಮಾತ್ರ ಸೀಲಿಂಗ್ ಪೂರ್ತಿ. ಅದಿಲ್ಲದೆ ಮಳೆಗೆ ಇಳಿಸಿದೋರು ಎಷ್ಟೋ ಜನ.

ಹೋದ ವರ್ಷ ಕೇಳಿದವರಲ್ಲಿ ನನ್ನ ಚಿಕ್ಕಪ್ಪನ ಮಗನೂ ಒಬ್ಬ. ಅವನ ಪ್ರಶ್ನೆ ವಾಟ್ಸಾಪಲ್ಲಿ ಮುಗಿಯೋ ಥರದ್ದಲ್ಲ.

ತೀರ್ಥಹಳ್ಳಿ ಹತ್ತಿರ ಅವರ ಅಡಿಕೆ ತೋಟ. ಮಳೆಗಾಲ ಶುರುವಾಗ್ತಿದ್ದ ಹಾಗೆ ಒಂದು ಸಲ, ಆಮೇಲೆ ನಲವತ್ತು-ನಲವತ್ತೈದು ದಿನಕ್ಕೆ ಇನ್ನೊಂದು ಸಲ ಕೊಳೆ ಔಷಧಿ ಹೊಡೀಬೇಕು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರಿನ ಬೋರ್ಡೋ ದ್ರಾವಣ. ಇಷ್ಟೂ ವರ್ಷ ಮರ ಹತ್ತಿ ಹೊಡೀತಾ ಇದ್ದ ಕೊನೆಗಾರರಿಗೆ ಅರವತ್ತು ದಾಟಿದೆ. ಒಂದು ಮರದಿಂದ ಇಳಿಯದೇ, ಅದನ್ನೇ ಬಗ್ಗಿಸಿ ಪಕ್ಕದ ಮರ ಹಿಡಿದು ದಾಟೋ ಮನುಷ್ಯ. ಮಗ ಬೆಂಗಳೂರಲ್ಲಿ ಫ್ಯಾಕ್ಟರಿ ಕೆಲಸದಲ್ಲಿದ್ದಾನೆ, ಮರ ಹತ್ತಿದವನೇ ಅಲ್ಲ. "ಬರೋ ವರ್ಷದಿಂದ ನಾ ಹತ್ತಲ್ಲ ಮಾರಾಯ್ರೆ, ದೋಟಿ ತರ್ಸಿ" ಅಂತ ಅವರು ಹೇಳಿಬಿಟ್ಟಿದ್ದರು. ಕಾರ್ಬನ್ ಫೈಬರ್ ದೋಟಿಯಲ್ಲಿ ನೆಲದ ಮೇಲೇ ನಿಂತು ಹೊಡೀಬಹುದು. ಜೀವಕ್ಕೆ ಅದೇ ಒಳ್ಳೇದು, ಅದರಲ್ಲಿ ಎರಡು ಮಾತಿಲ್ಲ.

"ಅಕ್ಕಾ, ಇದೊಂದು ವರ್ಷ ಅಷ್ಟೇ ಇರೋದು" ಅಂದ. "ಫೋನಲ್ಲಿ ತೆಗೆದ್ರೆ ಅವರು ಕಾಗೆ ಕೂತಂಗೆ ಕಾಣ್ತಾರೆ. ಟಿ50 ತಗೊಳ್ಳೋಣ ಅಂತಿದ್ದೀನಿ. ಚಿಕ್ಕದಿದೆ, ಚೆನ್ನಾಗೂ ಇದೆ."

ಚಿಕ್ಕದೇ ಬೇಕು ಅನ್ನೋಕೆ ಅವನ ಹತ್ರ ಒಳ್ಳೇ ಕಾರಣ ಇತ್ತು. ದೊಡ್ಡ ಕ್ಯಾಮೆರಾ ಎತ್ತಿದ್ರೆ ಆ ಕೊನೆಗಾರರು ಅಂಗಿ ಗುಂಡಿ ಹಾಕ್ಕೊಂಡು ಮದುವೆ ಮನೆ ಫೋಟೋಗೆ ನಿಂತಂಗೆ ನಿಂತುಬಿಡ್ತಾರೆ. ತೋಟದ ಕಪ್ಪಿನಲ್ಲಿ ಕಾಲು ಜಾರ್ತಾ ಇರುತ್ತೆ, ಒಂದು ಕೈ ಯಾವಾಗಲೂ ಖಾಲಿ ಇರಬೇಕು. ಇನ್ನೊಂದು ಕೈಯಲ್ಲೇ ಎಲ್ಲಾ ಆಗಬೇಕು.

ಆದರೆ ಅವನು ತೂಗಿದ್ದು ಬಾಡಿ ಮಾತ್ರ. ಮರದ ತುದಿಯಲ್ಲಿರೋ ಮನುಷ್ಯನ ಮುಖ ಬೇಕಂದ್ರೆ ಜೂಮ್ ಲೆನ್ಸ್ ಬೇಕು. ಫ್ಯೂಜಿಯ 18-135 ಡಬ್ಲ್ಯೂಆರ್ ಲೆನ್ಸ್ ಒಂದೇ 490 ಗ್ರಾಂ. ಟಿ50 ಜೊತೆ ಸೇರಿದ್ರೆ 928, ಟಿ5 ಜೊತೆ 1,047. ಲೆನ್ಸಿಗೆ ಸೀಲಿಂಗ್ ಇದ್ದು ಬಾಡಿಗಿಲ್ಲದೇ ಹೋದ್ರೆ ತಲೆಗೆ ಮಾತ್ರ ಟೋಪಿ ಹಾಕ್ಕೊಂಡು ಮಳೆಗೆ ಹೋದ ಹಾಗೆ. ಅದೇ ಓಎಂ-5ಗೆ ಒಲಿಂಪಸ್‌ನ 14-150 ಎರಡನೇ ಆವೃತ್ತಿ ಹಾಕಿ: ಲೆನ್ಸ್ 285 ಗ್ರಾಂ, ಅದಕ್ಕೂ ಸೀಲಿಂಗ್ ಇದೆ, ಒಟ್ಟು 699 ಗ್ರಾಂ. ಜೂಮೂ ಇದರದ್ದೇ ಉದ್ದ. ಫುಲ್‌ಫ್ರೇಮ್ ಲೆಕ್ಕದಲ್ಲಿ 300 ಎಂಎಂವರೆಗೆ ಹೋಗುತ್ತೆ, ಫ್ಯೂಜಿಯದ್ದು ಸುಮಾರು 200ಕ್ಕೆ ನಿಲ್ಲುತ್ತೆ.

ಇದು ಪುಕ್ಕಟೆ ಸಿಗಲ್ಲ. ಓಎಂ-5ರ ಮೈಕ್ರೋ ಫೋರ್ ಥರ್ಡ್ಸ್ ಸೆನ್ಸರಿನ ವಿಸ್ತೀರ್ಣ ಫ್ಯೂಜಿ ಸೆನ್ಸರಿನ ಸುಮಾರು 60 ಶೇಕಡಾ. ಮೆಗಾಪಿಕ್ಸೆಲ್ 20, ಅಂದ್ರೆ ಅರ್ಧ. ಕಾರ್ಮೋಡ ಕವಿದ ದಿನ ಅಡಿಕೆ ತೋಟದೊಳಗೆ ಮಧ್ಯಾಹ್ನ ಮೂರಕ್ಕೇ ಮುಸ್ಸಂಜೆ. ಅಲ್ಲಿ ಎಫ್5.6 ಲೆನ್ಸ್ ಹಿಡ್ಕೊಂಡು, ತೂಗಾಡ್ತಿರೋ ಮರದ ಮೇಲಿನ ಮನುಷ್ಯನನ್ನ ಅಲುಗಾಡದ ಹಾಗೆ ಹಿಡೀಬೇಕಂದ್ರೆ ಐಎಸ್ಓ ಮೇಲೇರಿಸಲೇಬೇಕು, ಗ್ರೇನ್ ಬಂದೇ ಬರುತ್ತೆ. ಕ್ಯಾಮೆರಾದೊಳಗಿನ ಸ್ಟೆಬಿಲೈಸೇಶನ್ ನಿಮ್ಮ ಕೈ ನಡುಕ ನಿಲ್ಲಿಸುತ್ತೆ, ಮರದ ತೂಗಾಟ ನಿಲ್ಲಿಸಲ್ಲ. ಜೊತೆಗೆ ಓಎಂ-5ರ ಚಾರ್ಜಿಂಗ್ ಪೋರ್ಟ್ ಇನ್ನೂ ಮೈಕ್ರೋ ಯುಎಸ್‌ಬಿ. 2022ರಲ್ಲಿ! ಟೈಪ್-ಸಿ ಬಂದಿದ್ದು 2025ರ ಮಾರ್ಕ್ 2ರಲ್ಲಿ.

ಈ ಹಂತದಲ್ಲಿ ಚಿಕ್ಕಪ್ಪ ಫೋನ್ ಕಿತ್ತುಕೊಂಡು ಒಂದು ಮಾತು ಹೇಳಿದ್ರು. "ಅಲ್ಲ ಮಾರಾಯ್ತಿ, ಮಳೆ ಹೊಯ್ಯೋವಾಗ ಯಾರು ಔಷಧಿ ಹೊಡೀತಾರೆ? ತೊಳೆದು ಹೋಗ್ತದೆ. ಹೊಳವು ಆದಾಗಲೇ ಹೊಡೆಯೋದು."

ಮಾತು ನಿಜ. ಹಾಗಾದ್ರೆ ಕ್ಯಾಮೆರಾ ಮೇಲೆ ಬೀಳೋದು ಏನು? ಸೋಗೆಯಿಂದ ತೊಟ್ಟಿಕ್ಕೋ ಹನಿ ಒಂದು. ಇನ್ನೊಂದು, ಮೇಲಿಂದ ಇಳಿಯೋ ಬೋರ್ಡೋ ಮಂಜು. ಐಪಿ ಪರೀಕ್ಷೆ ಮಾಡೋದು ಬರೀ ನೀರಲ್ಲಿ. ಮೈಲುತುತ್ತ ಲೋಹವನ್ನ ತಿನ್ನುತ್ತೆ, ಸುಣ್ಣ ಒಣಗಿದ್ರೆ ಗಾಜಿನ ಮೇಲೆ ನೀಲಿ-ಬಿಳಿ ಪೊರೆ ಕಟ್ಟುತ್ತೆ. ಯಾವ ಕಂಪನಿಯ ರೇಟಿಂಗಿನಲ್ಲೂ ಇದಿಲ್ಲ, ಯಾವ ವಾರಂಟಿಯೂ ಇದಕ್ಕೆ ಬರಲ್ಲ. ಸಾಮಾನ್ಯವಾಗಿ ನೀರು ಹೋಗಿ ಕೆಟ್ಟಿದ್ದಕ್ಕೇ ವಾರಂಟಿ ಕೊಡಲ್ಲ, ಇನ್ನು ಇದು ಯಾವ ಲೆಕ್ಕ.

ಸೀಲಿಂಗ್ ಬೇಕು ಅಂತ ನನಗೆ ಗಟ್ಟಿಯಾಗಿ ಅನಿಸಿದ್ದು ಆಗಲೇ. ಸೀಲ್ ಆಗಿರೋ ಕ್ಯಾಮೆರಾವನ್ನ ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಧೈರ್ಯವಾಗಿ ಒರೆಸಬಹುದು. ಸೀಲಿಂಗ್ ಇಲ್ಲದ್ದನ್ನ ಒದ್ದೆ ಬಟ್ಟೆಯಲ್ಲಿ ಒರೆಸಿದ್ರೆ, ಡಯಲಿನ ಸಂದಿಯಿಂದ ಆ ಮೈಲುತುತ್ತವನ್ನ ನೀವೇ ಒಳಗೆ ಕಳಿಸಿದ ಹಾಗೆ. ಗೋಕರ್ಣದ ಬೀಚಿಗೆ ಹೋಗೋರಿಗೂ ಇದೇ ಮಾತು. ಮಳೆ ನೀರಿಗಿಂತ ಉಪ್ಪಿನ ಗಾಳಿ ಕೆಟ್ಟದ್ದು, ಅದನ್ನ ಅವತ್ತೇ ಒರೆಸಿ ತೆಗೀಬೇಕು.

ಕೊನೆಗೆ ಅವನು ಓಎಂ-5ನ್ನೇ ಸೆಕೆಂಡ್ ಹ್ಯಾಂಡ್ ತಗೊಂಡ. ಸೀಲಿಂಗ್ ಇರೋ ಕ್ಯಾಮೆರಾ ಸೆಕೆಂಡ್ ಹ್ಯಾಂಡ್ ತಗೊಳ್ಳೋರು ಶಟರ್ ಕೌಂಟ್ ಒಂದೇ ಕೇಳಿ ಬರಬೇಡಿ. ಬ್ಯಾಟರಿ ಬಾಗಿಲು, ಕಾರ್ಡ್ ಬಾಗಿಲು ತೆಗೆದು ಅಂಚಿನ ರಬ್ಬರ್ ನೋಡಿ. ಕಿತ್ತುಬಂದಿದೆಯಾ, ಚಪ್ಪಟೆಯಾಗಿದೆಯಾ, ಮರಳು ಕೂತಿದೆಯಾ. ಪೋರ್ಟ್ ಮುಚ್ಚಳ ಪೂರ್ತಿ ಕೂರುತ್ತಾ. ರಬ್ಬರಿಗೂ ವಯಸ್ಸಾಗುತ್ತೆ. ಯಾವಾಗಲಾದ್ರೂ ಬಿಚ್ಚಿ ರಿಪೇರಿ ಮಾಡಿಸಿದ್ದಾರಾ ಅಂತ ಕೇಳಿ. ಬಿಚ್ಚಿದ ಮೇಲೆ ಸೀಲುಗಳನ್ನ ಸರಿಯಾಗಿ ಕೂರಿಸಿರ್ತಾರೆ ಅನ್ನೋ ನಂಬಿಕೆ ನನಗಿಲ್ಲ. ನಿಮ್ಮ ಊರಿನ ಹತ್ತಿರ ಆ ಕಂಪನಿಯ ಸರ್ವಿಸ್ ಎಲ್ಲಿದೆ ಅಂತ ದುಡ್ಡು ಕೊಡೋಕೆ ಮುಂಚೆಯೇ ಹುಡುಕಿ.

ಲೆನ್ಸಿನ ಮುಂದೆ ಅಗ್ಗದ ಒಂದು ಯುವಿ ಫಿಲ್ಟರ್ ಹಾಕಿದ್ವಿ, ಪೊರೆ ಕಟ್ಟಿದ್ರೆ ಅದಕ್ಕೇ ಕಟ್ಟಲಿ ಅಂತ. ತೋಟದಲ್ಲಿ ಲೆನ್ಸ್ ಬದಲಾಯಿಸೋದು, ಬ್ಯಾಟರಿ ಬಾಗಿಲು ತೆಗೆಯೋದು ಬಂದ್. ಅವೆಲ್ಲ ಮನೆ ಜಗಲಿಯಲ್ಲೇ, ಕೈ ಒರೆಸಿಕೊಂಡ ಮೇಲೆ. ಬಾಗಿಲು ತೆರೆದ ಕ್ಷಣ ಐಪಿ53 ಅನ್ನೋದು ಬರೀ ಸ್ಟಿಕ್ಕರ್.

ಎರಡೂ ಸುತ್ತಿನ ಸಿಂಪರಣೆ ತೆಗೆದ. ಮುನ್ನೂರು ಚಿತ್ರದಲ್ಲಿ ಒಂದಿಪ್ಪತ್ತು ಉಳೀತು. ಸಂಜೆಯ ಚಿತ್ರಗಳಲ್ಲಿ ಗ್ರೇನ್ ಚೆನ್ನಾಗೇ ಇದೆ, ಡಿನಾಯ್ಸ್ ಮಾಡಿದ್ರೆ ಮುಖ ಮೇಣದ ಥರ ಆಗುತ್ತೆ, ಹಾಗಾಗಿ ಬಿಟ್ಟಿದ್ದಾನೆ. ಟಿ5 ಆಗಿದ್ರೆ ಇನ್ನೂ ನುಣುಪಾಗಿ ಬರ್ತಿತ್ತು, ನಿಜ. ಆದರೆ ಒಂದು ಕೆಜಿ ಕ್ಯಾಮೆರಾ ಹೊತ್ತು ಅವನು ಎರಡನೇ ದಿನವೂ ಆ ಕಪ್ಪು ದಾಟುತ್ತಿದ್ದ ಅಂತ ನಾನು ನಂಬಲ್ಲ. ಒಂದು ಚಿತ್ರದಲ್ಲಿ ಕೊನೆಗಾರರು ಎರಡು ಮರದ ಮಧ್ಯೆ ಇದ್ದಾರೆ. ಒಂದು ಕೈ ಹಿಂದಿನ ಮರದಲ್ಲಿ, ಇನ್ನೊಂದು ಮುಂದಿನದರಲ್ಲಿ, ಮೈಮೇಲೆಲ್ಲ ನೀಲಿ ಹನಿ. ಅದರ ಪ್ರಿಂಟ್ ಅವರಿಗೆ ಕೊಟ್ಟಾಗ "ಮುಖ ಸರಿಯಾಗಿ ಬಂದಿಲ್ಲ" ಅಂದ್ರಂತೆ.

ಟ್ರೆಕ್ ಬುಕ್ ಮಾಡಿರೋರಿಗೂ ಒಂದು ಮಾತು. ವರ್ಷದಲ್ಲಿ ಎರಡೇ ದಿನ ಮಳೆಗೆ ಹೋಗೋರಾದ್ರೆ ಸೀಲಿಂಗಿಗೆ ಹೆಚ್ಚು ದುಡ್ಡು ಹಾಕಬೇಡಿ. ಚಿಕ್ಕ ಕ್ಯಾಮೆರಾ ತಗೊಂಡು, ಪ್ಲಾಸ್ಟಿಕ್ ರೇನ್ ಕವರ್ ಹಾಕಿ. ವರ್ಷಕ್ಕೆ ಏಳು ಮೀಟರಿಗೂ ಹೆಚ್ಚು ಮಳೆ ಬೀಳೋ ಆಗುಂಬೆಗೆ ಹೋದ್ರಂತೂ ಸೀಲಿಂಗ್ ಇದ್ದೋರೂ ಕವರ್ ಹಾಕ್ಲೇಬೇಕು.

ಸೀಲಿಂಗ್ ಫಂಗಸ್ ತಡೆಯಲ್ಲ ಅನ್ನೋದೂ ನೆನಪಿರಲಿ. ಜೂಮ್ ಹೊರಗೆ ಒಳಗೆ ಎಳೆದಾಗಲೆಲ್ಲ ಲೆನ್ಸ್ ಉಸಿರಾಡುತ್ತೆ, ತೇವದ ಗಾಳಿ ಒಳಗೆ ಹೋಗುತ್ತೆ. ಸೀಲ್ ಆಗಿರೋದ್ರಲ್ಲಿ ಅದು ಆರೋದೂ ನಿಧಾನ. ಎಸಿ ರೂಮಿನಿಂದ ಮಂಗಳೂರಿನ ಸೆಕೆಗೆ ನೇರ ತಂದ್ರೆ ಗಾಜಿನ ಮೇಲೆ ಹಬೆ ಕೂರುತ್ತೆ. ಜಿಪ್ ಕವರಲ್ಲಿ ಹಾಕಿ ಅರ್ಧ ಗಂಟೆ ಬಿಟ್ಟು ತೆಗೆಯಿರಿ. ಮನೆಯಲ್ಲಿ ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಒಂದು ಚಿಕ್ಕ ತೇವಮಾಪಕ ಸಾಕು. ಮುಳ್ಳು 40-50 ಶೇಕಡಾದಲ್ಲಿದ್ರೆ ನೆಮ್ಮದಿ. ಅಕ್ಕಿ ಡಬ್ಬಿಯಲ್ಲಿ ಮಾತ್ರ ಹೂತಿಡಬೇಡಿ. ಅಕ್ಕಿ ಅಷ್ಟೇನೂ ತೇವ ಎಳೆಯಲ್ಲ, ಅದರ ಹಿಟ್ಟು ಮಾತ್ರ ಸಂದಿಗೆಲ್ಲ ಸೇರುತ್ತೆ.

ಚಿಕ್ಕಪ್ಪನ ಮನೆ ಕ್ಯಾಮೆರಾ ಈಗ ಇರೋದು ಚಿಕ್ಕಮ್ಮನ ಹಪ್ಪಳದ ಡಬ್ಬಿಯಲ್ಲಿ. ಹಪ್ಪಳ ಮೆತ್ತಗಾಗ್ತಿದೆ, ಡಬ್ಬಿ ವಾಪಸ್ ಕೊಡು ಅಂತ ದಿನಾ ಕೇಳ್ತಿದ್ದಾರಂತೆ.