ಜೊಹರಿನ ಎಂಟು ಸಜ್ದಾ

ಅಬ್ಬಾ ತೀರಿಕೊಂಡ ಮೇಲೆ ನಾನು ನಮಾಜ್ ಬಿಟ್ಟಿದ್ದೆ. ನಿಂತರೂ ತಲೆ ತುಂಬ ಸಾಲದ ಕಂತು, ಆಸ್ಪತ್ರೆ ಬಿಲ್ಲು. ಇಂಥ ನಮಾಜ್ ಯಾಕೆ ಅನ್ನಿಸಿತ್ತು. ಅಮ್ಮಿ ಬೈಯಲಿಲ್ಲ. "ಮನಸ್ಸು ಬರಲಿಲ್ಲಂದ್ರ ಇರ್ಲಿ ಬೇಟಾ, ಹಣಿಯಾದ್ರೂ ನೆಲಕ್ಕ ಹಚ್ಚು" ಅಂದಳು.

ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ನನ್ನ ಕೆಲಸ. ಮಧ್ಯಾಹ್ನ ಊಟದ ಬಿಡುವು ಅರ್ಧ ಗಂಟೆ. ಶೆಡ್ಡಿನ ಹಿಂದಿನ ನಲ್ಲಿಯಲ್ಲಿ ವುಜು ಮಾಡ್ತೀನಿ: ಕೈ, ಬಾಯಿ, ಮೂಗು, ಮುಖ, ಮೊಣಕೈವರೆಗೆ ತೋಳು, ಒದ್ದೆ ಕೈಯಿಂದ ತಲೆ, ಕೊನೆಗೆ ಕಾಲು. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ, ಪೈಪಿನ ಮೊದಲ ನೀರು ಸುಡುತ್ತೆ. ಮೊಬೈಲ್ ಸೈಲೆಂಟ್ ಮಾಡಿ ಬೂಟಿನೊಳಗೆ ಇಡ್ತೀನಿ.

ಜೊಹರಿನ ಫರ್ಜ್ ನಾಲ್ಕು ರಕಾತ್, ಅಂದ್ರೆ ಎಂಟು ಸಜ್ದಾ. ಮೊದಮೊದಲು ಎಣಿಸಿ ಮುಗಿಸ್ತಿದ್ದೆ ಅಷ್ಟೇ. ಒಂದಿನ ಹಣೆ ನೆಲಕ್ಕಿಟ್ಟಾಗ, ದಫನ್ ದಿನವೂ ಬಾರದ ಅಳು ಬಂತು. ಆ ರಾತ್ರಿ ಗಡದ್ದಾಗಿ ನಿದ್ದೆ ಮಾಡಿದೆ.

ಸಾಲ ಇನ್ನೂ ಇದೆ. ಕಂತಿನ ಮೆಸೇಜ್ ಬಂದರೆ ಎದೆ ಈಗಲೂ ಧಸಕ್ ಅನ್ನುತ್ತೆ. ಆದರೆ ಅಬ್ಬಾನ ನೆನಪಿಗೆ ದುವಾದಲ್ಲಿ ಒಂದು ಜಾಗ ಸಿಕ್ಕಿದೆ, ದಿನವಿಡೀ ಬೆನ್ನು ಹತ್ತೋದಿಲ್ಲ. ಪಕ್ಕದ ಮಷಿನ್‌ನ ಗೆಳೆಯ ಮೊನ್ನೆ ತಾನೇ ಗಡಿಯಾರ ನೋಡಿ, "ಹೊತ್ತಾತು, ಹೋಗಿ ಬಾ" ಅಂದ.