ಸೀರೆಯ ಮೇಲೊಂದು ಬೆಲ್ಟು

ಕಳೆದ ವರ್ಷದ ವೈಶಾಖದಲ್ಲಿ ನಮ್ಮ ಬಂಧುವರ್ಗದಲ್ಲಿ ಒಂದು ನಿಶ್ಚಿತಾರ್ಥ ನಡೆಯಿತು. ಹುಡುಗಿ ನನಗೆ ಮೊಮ್ಮಗಳ ವರಸೆಯವಳು. ತನ್ನ ಅಜ್ಜಿಯ ಹಳೆಯ ಇಳಕಲ್ ಸೀರೆಯನ್ನು ಉಟ್ಟು, ಸೆರಗನ್ನು ಅಚ್ಚುಕಟ್ಟಾಗಿ ಮಡಿಸಿ ಭುಜಕ್ಕೆ ಪಿನ್ನು ಹಾಕಿ, ಸೊಂಟದಲ್ಲಿ ಆ ಸೆರಗಿನ ಮೇಲೆಯೇ ಎರಡು ಬೆರಳಗಲದ ಕಂದು ಬಣ್ಣದ ಚರ್ಮದ ಬೆಲ್ಟೊಂದನ್ನು ಕಟ್ಟಿಕೊಂಡು ಆಕೆ ಹಜಾರಕ್ಕೆ ಬಂದಳು. ಕುಳಿತಿದ್ದ ಹಿರಿಯರಲ್ಲಿ ಗುಸುಗುಸು ಆರಂಭವಾಯಿತು. "ಇದೇನು ವೇಷ?" ಎಂದರು ಒಬ್ಬರು. "ಶುಭಕಾರ್ಯದಲ್ಲಿ ಚರ್ಮವೇ?" ಎಂದರು ಇನ್ನೊಬ್ಬರು. "ಡಾಬು ಮಾಡಿಸಲಿಲ್ಲವೇ?" ಎಂದು ಮೂರನೆಯವರು ಹುಡುಗಿಯ ತಾಯಿಯನ್ನು ಕೇಳಿದರು. ಕೊನೆಗೆ ಎಲ್ಲರ ದೃಷ್ಟಿಯೂ ನನ್ನತ್ತ ತಿರುಗಿತು. "ನೀವು ಮೇಷ್ಟರಾಗಿದ್ದವರು, ಸ್ವಲ್ಪ ಬುದ್ಧಿ ಹೇಳಿ" ಎಂದು.

ನಾನು ಅಂದು ಏನನ್ನೂ ಹೇಳಲಿಲ್ಲ. ಹೇಳದಿರಲು ನನಗೆ ನನ್ನದೇ ಆದ ಒಂದು ಕಾರಣವಿತ್ತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಅಂದು ಕೇಳಿದ ಮೂರು ಪ್ರಶ್ನೆಗಳಿಗೆ ಮಾತ್ರ ಈಗ ಸಾವಧಾನವಾಗಿ ಉತ್ತರ ಬರೆಯಬೇಕೆನಿಸಿದೆ.

ಮೊದಲನೆಯದು, "ಇದೇನು ವೇಷ?" ಎಂಬುದು. ಸೊಂಟಪಟ್ಟಿ ನೆನ್ನೆ ಮೊನ್ನೆ ಬಂದ ವೇಷವಲ್ಲ. ಬೇಲೂರಿನ ಚೆನ್ನಕೇಶವ ದೇಗುಲಕ್ಕೆ ಶಾಲೆಯ ಪ್ರವಾಸದಲ್ಲಿ ನನ್ನೊಡನೆ ಬಂದವರು ನಿಮ್ಮಲ್ಲಿ ಅನೇಕರಿದ್ದೀರಿ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಆ ದೇಗುಲದ ಮದನಿಕೆಯರನ್ನು ನೆನಪಿಸಿಕೊಳ್ಳಿ. ದರ್ಪಣಸುಂದರಿಯ ಕನ್ನಡಿಯನ್ನು ಎಲ್ಲರೂ ನೋಡುತ್ತಾರೆ. ಆದರೆ ಆ ಶಿಲ್ಪಗಳ ಸೊಂಟದ ಸುತ್ತ ಸಾಲು ಸಾಲಾಗಿ ಹಬ್ಬಿ, ತೊಡೆಯ ಮೇಲೆ ತೋರಣದಂತೆ ಇಳಿಬಿದ್ದ ಮೇಖಲೆಯ ಕೆತ್ತನೆಯನ್ನು ನಿಂತು ನೋಡುವವರು ಕಡಿಮೆ. ಇನ್ನೂ ಹಿಂದಕ್ಕೆ ಹೋದರೆ, 1917ರಲ್ಲಿ ಪಟ್ನಾದ ಗಂಗಾತೀರದಲ್ಲಿ ದೊರೆತ ದೀದಾರ್‌ಗಂಜ್ ಯಕ್ಷಿಯ ಸೊಂಟದಲ್ಲಿಯೂ ಹಲವು ಎಳೆಗಳ ಮಣಿಪಟ್ಟಿಯಿದೆ. ಅದಕ್ಕೂ ಹಿಂದಿನ ಸಿಂಧೂ ಬಯಲಿನ ಮಣ್ಣಿನ ಸ್ತ್ರೀಗೊಂಬೆಗಳಲ್ಲಿಯೂ ಸೊಂಟಪಟ್ಟಿ ಉಂಟು. ಮೊಹೆಂಜೊದಾರೊದ ಉತ್ಖನನದಲ್ಲಿ ಕೆಂಪು ಕಲ್ಲಿನ ಉದ್ದುದ್ದ ಮಣಿಗಳನ್ನೂ ತಾಮ್ರದ ಮಣಿಗಳನ್ನೂ ಪೋಣಿಸಿದ ಒಂದು ಸೊಂಟಪಟ್ಟಿ ದೊರೆಯಿತು. 1947ರಲ್ಲಿ ದೇಶ ವಿಭಜನೆಯಾದ ಬಳಿಕ ವಸ್ತುಸಂಗ್ರಹಾಲಯದ ಸಾಮಗ್ರಿಗಳನ್ನು ಪಾಲು ಮಾಡುವಾಗ ಆ ಪಟ್ಟಿಯನ್ನೂ ಬಿಡದೆ ಅರ್ಧ ಭಾರತಕ್ಕೆ, ಅರ್ಧ ಪಾಕಿಸ್ತಾನಕ್ಕೆ ಎಂದು ಹಂಚಿಬಿಟ್ಟರು. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಸೊಂಟಪಟ್ಟಿಗೆ ಒದಗಿದ ಈ ಗತಿಯನ್ನು ಇತಿಹಾಸದ ತರಗತಿಯಲ್ಲಿ ಹೇಳಿದಾಗಲೆಲ್ಲ ಮಕ್ಕಳು ಒಂದು ಕ್ಷಣ ಮೌನವಾಗುತ್ತಿದ್ದರು.

ಮಾತಿನಲ್ಲಿಯೂ ಇದರ ಗುರುತುಗಳಿವೆ. ಅಮರಕೋಶವು ಹೆಂಗಸರ ಸೊಂಟದ ಆಭರಣಕ್ಕೆ ಮೇಖಲಾ, ಕಾಂಚೀ, ಸಪ್ತಕೀ, ರಶನಾ, ಸಾರಸನ ಎಂದು ಹೆಸರುಗಳ ಸಾಲನ್ನೇ ಕೊಡುತ್ತದೆ. ಗಂಡಸರ ಸೊಂಟಪಟ್ಟಿಗಾದರೋ ಶೃಂಖಲ ಎಂಬ ಒಂದೇ ಹೆಸರು. ನಮ್ಮ ಆಡುಮಾತಿನಲ್ಲಿ ಡಾಬು, ಒಡ್ಯಾಣ, ಉಡಿದಾರ, ನಡುಪಟ್ಟಿ ಇವೆಲ್ಲ ಇಂದಿಗೂ ಬದುಕಿವೆ. ಕೆಲಸಕ್ಕೆ ಸಿದ್ಧರಾದವರನ್ನು ನಾವು "ಟೊಂಕ ಕಟ್ಟಿ ನಿಂತರು" ಎನ್ನುತ್ತೇವೆ. ನಾಟಿ ಮಾಡುವ ಗದ್ದೆಯಲ್ಲಿ, ಕಳೆ ಕೀಳುವ ಹೊಲದಲ್ಲಿ ಸೆರಗನ್ನು ಸುತ್ತಿ ಸೊಂಟಕ್ಕೆ ಬಿಗಿದು ಬಾಗುವ ಹೆಂಗಸರನ್ನು ಕಂಡವರಿಗೆ ಆ ನುಡಿಗಟ್ಟಿನ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಹೊಲಿಗೆಯಿಲ್ಲದ ವಸ್ತ್ರವನ್ನು ಉಡುವ ನಾಡಿನಲ್ಲಿ ಸೊಂಟದ ಕಟ್ಟು ಮೊದಲು ಅಗತ್ಯವಾಗಿತ್ತು, ಅನಂತರ ಅಲಂಕಾರವಾಯಿತು. ನನ್ನ ಅಜ್ಜಿಯ ಸೊಂಟದಲ್ಲಿ ಎಲೆಯಡಿಕೆಯ ಸಂಚಿಯೂ ಉಗ್ರಾಣದ ಬೀಗದ ಕೈಗೊಂಚಲೂ ಸದಾ ಇರುತ್ತಿದ್ದವು. ಮನೆಯ ಆಡಳಿತವೆಲ್ಲ ಆ ಸೊಂಟದಲ್ಲಿತ್ತೆಂದರೆ ಅತಿಶಯೋಕ್ತಿಯಲ್ಲ.

ಎರಡನೆಯ ಪ್ರಶ್ನೆ, "ಶುಭಕಾರ್ಯದಲ್ಲಿ ಚರ್ಮವೇ?" ಎಂಬುದು. ಅಂದು ಹೊರಗೆ ಚಪ್ಪರದಲ್ಲಿ ಓಲಗದವರು ಡೋಲು ಬಾರಿಸುತ್ತಿದ್ದರು. ಡೋಲಿಗೆ ಹೊದಿಸಿದ್ದು ಚರ್ಮವನ್ನೇ. ದೇವಸ್ಥಾನದ ಮೃದಂಗಕ್ಕೂ ಯಕ್ಷಗಾನದ ಮದ್ದಳೆಗೂ ಚರ್ಮವಿಲ್ಲದೆ ನಾದವಿಲ್ಲ. ಉಪನಯನದಲ್ಲಿ ವಟುವಿಗೆ ಕೃಷ್ಣಾಜಿನವನ್ನು ಕೊಡುವುದು ಶಾಸ್ತ್ರವೇ ಆಗಿದೆ. ಅಷ್ಟೇ ಅಲ್ಲ, ಆ ಸಂಸ್ಕಾರಕ್ಕೆ ನಾವು ಹೇಳುವ "ಮುಂಜಿ" ಎಂಬ ಹೆಸರು ಬಂದಿರುವುದೇ ವಟುವಿನ ಸೊಂಟಕ್ಕೆ ಕಟ್ಟುವ ಮುಂಜದ ಹುಲ್ಲಿನ ಪಟ್ಟಿಯಿಂದ. ಹುಡುಗನ ಸೊಂಟಕ್ಕೆ ಕಟ್ಟಿದರೆ ಸಂಸ್ಕಾರ, ಹುಡುಗಿ ತಾನಾಗಿ ಕಟ್ಟಿಕೊಂಡರೆ ವೇಷ ಎನ್ನುವುದು ಯಾವ ನ್ಯಾಯ? ಚರ್ಮ ಬೇಡವೆನ್ನುವವರ ಮನಸ್ಸನ್ನು ನಾನು ನೋಯಿಸಬಯಸುವುದಿಲ್ಲ. ಅಂಥವರಿಗೆ ಬಟ್ಟೆಯ ಪಟ್ಟಿಗಳಿವೆ. ರವಿಕೆಯ ಬಟ್ಟೆಯಲ್ಲಿಯೇ ಜರತಾರಿ ಕಸೂತಿ ಮಾಡಿಸಿ ಹೊಲಿಸುವ ಪಟ್ಟಿಗಳನ್ನು ಈಗ ಪೇಟೆಯ ದರ್ಜಿಗಳೆಲ್ಲ ಮಾಡಿಕೊಡುತ್ತಾರೆ. ಆದರೆ ಆಕ್ಷೇಪ ಚರ್ಮದ್ದಾಗಿದ್ದರೆ ಚರ್ಮಕ್ಕೆ ಮಾತ್ರ ಸಲ್ಲಲಿ, ಹುಡುಗಿಯ ಶೀಲದವರೆಗೆ ಹೋಗುವುದು ಬೇಡ.

ಮೂರನೆಯ ಪ್ರಶ್ನೆಯೇ ನನಗೆ ಹೆಚ್ಚು ನೋವು ತಂದದ್ದು. "ಡಾಬು ಮಾಡಿಸಲಿಲ್ಲವೇ?" ಎಂದು ಕೇಳಿದವರು ಹುಡುಗಿಯನ್ನು ನೋಡಿರಲಿಲ್ಲ, ಆಕೆಯ ಸೊಂಟದಲ್ಲಿ ಎಷ್ಟು ಗ್ರಾಂ ಚಿನ್ನವಿದೆಯೆಂದು ನೋಡಿದ್ದರು. ವರದಕ್ಷಿಣೆ ನಿಷೇಧ ಕಾಯಿದೆ ಬಂದದ್ದು 1961ರಲ್ಲಿ. ನಾನು ಹುಟ್ಟಿದ ಕಾಲದ ಕಾಯಿದೆ ಅದು. ನನಗೆ ತಲೆ ನರೆತರೂ ಅದು ಇನ್ನೂ ನಮ್ಮ ಮದುವೆ ಮನೆಗಳ ಒಳಕೋಣೆಯನ್ನು ಹೊಕ್ಕಿಲ್ಲ. ಬಾಯಿಬಿಟ್ಟು ಕೇಳುವವರು ಕಡಿಮೆಯಾಗಿರಬಹುದು. "ನಿಮ್ಮ ಮಗಳಿಗೆ ನೀವು ಹಾಕುವುದು, ನಮಗೇನೂ ಬೇಡ" ಎಂಬ ಮಾತಿನ ಹಿಂದೆಯೇ ಡಾಬು, ವಂಕಿ, ಸರಗಳ ಪಟ್ಟಿ ನಿಂತಿರುತ್ತದೆ. ಮದುವೆಯ ದಿನಕ್ಕೆಂದು ಡಾಬನ್ನು ಎರವಲು ತಂದು, ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಹಿಂದಿರುಗಿಸಲು ಓಡಿದ ತಂದೆಯೊಬ್ಬರನ್ನು ನಾನು ಬಲ್ಲೆ. ಆ ರಾತ್ರಿ ಅವರು ನಿದ್ದೆ ಮಾಡಲಿಲ್ಲವಂತೆ.

ಹಾಗೆಂದು ನಾನು ಡಾಬಿನ ವೈರಿಯಲ್ಲ. ನನ್ನ ತಾಯಿಗೆ ಒಂದು ಬೆಳ್ಳಿಯ ಡಾಬಿತ್ತು, ತವರಿನಿಂದ ಬಂದದ್ದು. ನನ್ನ ಬಿ.ಎಡ್. ಪ್ರವೇಶಕ್ಕೆ ಹಣ ಹೊಂದದಿದ್ದಾಗ ಯಾರಿಗೂ ಹೇಳದೆ ಅದನ್ನು ಮಾರಿ ಹಣ ತಂದು ನನ್ನ ಕೈಗಿತ್ತರು. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಪಾಠ ಹೇಳಿದ್ದು ಆ ಬೆಳ್ಳಿಯ ಬಲದಿಂದ. ಬ್ಯಾಂಕಿನ ಖಾತೆಯಿಲ್ಲದ ಕಾಲದಲ್ಲಿ ಹೆಣ್ಣಿನ ಸೊಂಟದ ಮೇಲಿದ್ದದ್ದು ಆಕೆಯ ಸ್ವಂತ ಆಸ್ತಿ, ಸ್ತ್ರೀಧನ. ಆದುದರಿಂದ ಡಾಬು ಧರಿಸಿದವಳದ್ದಾಗಿರುವವರೆಗೆ ಅದು ಮಾನ್ಯ. ಅದನ್ನು ನೋಡುವವರು ತೂಗತೊಡಗಿದ ಕ್ಷಣದಿಂದ ಅದು ಆಭರಣವಲ್ಲ, ತಕ್ಕಡಿಯ ಬಟ್ಟು.

ಇನ್ನು ಸೊಂಟದ ಬಗೆಗೆ ಹೆಂಗಸರೇ ಬಾಯಿಬಿಟ್ಟು ಆಡದ ಒಂದು ಮಾತಿದೆ. ಸೀರೆ ಜಾರದಿರಲೆಂದು ಒಳಲಂಗದ ಲಾಡಿಯನ್ನು ನಾವು ಉಸಿರು ಬಿಗಿಹಿಡಿದು ಎಳೆದು ಕಟ್ಟುತ್ತೇವೆ. ದಿನವಿಡೀ ಕಪ್ಪು ಹಲಗೆಯ ಮುಂದೆ ನಿಂತು ಸಂಜೆ ಮನೆಗೆ ಬಂದು ಲಾಡಿ ಬಿಚ್ಚಿದಾಗ ಸೊಂಟದ ಸುತ್ತ ಉರಿಯುವ ಗೀರು ನನಗೂ ಇರುತ್ತಿತ್ತು. ಚರ್ಮ ಕಪ್ಪಾಗಿ, ಒರಟಾಗಿ, ಒಮ್ಮೊಮ್ಮೆ ಹುಣ್ಣಾಗುತ್ತದೆ. 2024ರಲ್ಲಿ ಬಿ.ಎಂ.ಜೆ. ಕೇಸ್ ರಿಪೋರ್ಟ್ಸ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ನಮ್ಮ ದೇಶದ ಇಬ್ಬರು ಹಿರಿಯ ಮಹಿಳೆಯರ ವೃತ್ತಾಂತ ಪ್ರಕಟವಾಯಿತು. ದಶಕಗಳ ಕಾಲ ಸೊಂಟಕ್ಕೆ ಬಿಗಿದು ಕಟ್ಟಿದ ಉಡುಪಿನ ಉಜ್ಜುವಿಕೆಯಿಂದ ಆದ ಹುಣ್ಣು ಅವರಲ್ಲಿ ಚರ್ಮದ ಕ್ಯಾನ್ಸರಿಗೆ ತಿರುಗಿತ್ತು. ಇದು ಅಪರೂಪದ ಸಂಗತಿ, ಹೆದರಬೇಕಿಲ್ಲ. ಆದರೆ ಮಾಯದ ಗಾಯವನ್ನು ವೈದ್ಯರಿಗೆ ತೋರಿಸಬೇಕು, ಲಾಡಿಯನ್ನು ಸಡಿಲಿಸಬೇಕು. ತೆಳುವಾದ ದಾರ ಒಂದೇ ಗೆರೆಯಲ್ಲಿ ಕೊರೆಯುತ್ತದೆ, ಅಗಲವಾದ ಪಟ್ಟಿಯಲ್ಲಿ ಒತ್ತಡ ಹರಡಿಹೋಗುತ್ತದೆ. ಲಂಗಕ್ಕೆ ಅಗಲವಾದ ಮೃದು ಪಟ್ಟಿ ಹೊಲಿಸಿ, ಸೀರೆಯ ಮೇಲೊಂದು ಪಟ್ಟಿ ಕಟ್ಟಿದರೆ ನೆರಿಗೆಯೂ ಸೆರಗೂ ತಮ್ಮ ಜಾಗದಲ್ಲಿ ನಿಲ್ಲುತ್ತವೆ, ಒಳಗಿನ ಲಾಡಿಗೆ ಅಷ್ಟು ಬಿಗಿ ಬೇಕಾಗುವುದಿಲ್ಲ. ಹಾಗೆ ನೋಡಿದರೆ ಈ ಬೆಲ್ಟು ಅಲಂಕಾರಕ್ಕಿಂತ ಹೆಚ್ಚಾಗಿ ಉಪಕಾರಿ.

ಕಟ್ಟಿಕೊಳ್ಳಬಯಸುವ ಹೆಣ್ಣುಮಕ್ಕಳಿಗೆ ಎರಡು ಕಿವಿಮಾತು. ಕೈಮಗ್ಗದ ಹತ್ತಿ ಸೀರೆಗೆ ಅಗಲವಾದ ಪಟ್ಟಿ ಒಪ್ಪುತ್ತದೆ, ಜಾರುವ ರೇಷ್ಮೆಗೆ ಕಿರಿದಾದದ್ದು. ಸೀರೆಯ ಅಂಚು ದೊಡ್ಡದಿದ್ದರೆ ಪಟ್ಟಿ ಸರಳವಾಗಿರಲಿ. ಕೊಂಡಿಯ ಚೂಪು ತುದಿ ಜರಿಯ ಎಳೆಗಳನ್ನು ಎಬ್ಬಿಸದಂತೆ ನೋಡಿಕೊಳ್ಳಿ. ಮುಖ್ಯವಾದ ಮಾತೆಂದರೆ, ಪಟ್ಟಿಯ ಒಳಗೆ ನಾಲ್ಕು ಬೆರಳು ಸಲೀಸಾಗಿ ಹೋಗಬೇಕು. ನಮ್ಮ ಹಳೆಯ ಕವಿಗಳು ಬಡನಡುವನ್ನು ಹೊಗಳಿದರು. ಪ್ಯಾರಿಸ್ಸಿನಲ್ಲಿ 1947ರಲ್ಲಿ ಕ್ರಿಶ್ಚಿಯನ್ ಡಿಯೋರ್ ಸೊಂಟವನ್ನು ಹಿಡಿಯಷ್ಟಾಗಿಸುವ ಉಡುಪುಗಳನ್ನು ಹೊರತಂದಾಗ ಲೋಕವೇ ಬೆರಗಾಯಿತು. ಹೊಗಳಿದವರು ಯಾರೂ ಆ ಬಿಗಿಯೊಳಗೆ ಉಸಿರಾಡಬೇಕಿರಲಿಲ್ಲ. ಸೊಂಟ ಸಣ್ಣದಾಗಿ ಕಾಣಲೆಂದು ಕಟ್ಟುವುದಾದರೆ ಕಟ್ಟಬೇಡಿ. ಮಕ್ಕಳನ್ನು ಹೆತ್ತ ಸೊಂಟಕ್ಕೂ, ಅರವತ್ತು ದಾಟಿದ ಸೊಂಟಕ್ಕೂ ಪಟ್ಟಿ ಒಪ್ಪುತ್ತದೆ. 2018ರಲ್ಲಿ ನೀಲಮಣಿ ರಾಜು ಅವರು ರಾಜ್ಯದ ಪೊಲೀಸ್ ಮುಖ್ಯಸ್ಥರಾಗಿದ್ದಾಗ, ಕರ್ತವ್ಯದಲ್ಲಿರುವ ಮಹಿಳಾ ಪೊಲೀಸರು ಖಾಕಿ ಸೀರೆಯ ಬದಲು ಅಂಗಿ, ಪ್ಯಾಂಟು, ಬೆಲ್ಟು ಧರಿಸಬೇಕೆಂಬ ಸೂಚನೆ ಹೊರಟಿತು. ಓಡಿ ಕಳ್ಳನನ್ನು ಹಿಡಿಯಬೇಕಾದವಳ ಸೊಂಟದ ಅಳತೆಯನ್ನು ಯಾರೂ ಕೇಳುವುದಿಲ್ಲವಲ್ಲ!

ಅಂದಹಾಗೆ, ನಿಶ್ಚಿತಾರ್ಥದ ದಿನ ಹೋಳಿಗೆ ಊಟ ಮುಗಿಸಿದ ನಮ್ಮ ಹುಡುಗಿ ಎಲ್ಲರೆದುರಿಗೇ ಬೆಲ್ಟನ್ನು ಒಂದು ತೂತು ಸಡಿಲಿಸಿದಳು. ಭಾವೀ ವರ ನಕ್ಕು ತನ್ನ ಬೆಲ್ಟನ್ನೂ ಸಡಿಲಿಸಿದ. ಆ ಸಂಸಾರ ಚೆನ್ನಾಗಿ ನಡೆಯುತ್ತದೆಂದು ನನಗೆ ಆಗಲೇ ಧೈರ್ಯ ಬಂತು.

ಈಗ ನಾನು ಮೌನವಾಗಿದ್ದುದರ ಕಾರಣ. ನಾನು ಕೆಲಸಕ್ಕೆ ಸೇರಿ ನಾಲ್ಕೈದು ವರ್ಷವಾಗಿದ್ದ ಕಾಲ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಸಮವಸ್ತ್ರದ ಲಂಗದ ಮೇಲೆ ಗಂಡಸರು ಕಟ್ಟುವ ಅಗಲವಾದ ಬೆಲ್ಟನ್ನು ಕಟ್ಟಿಕೊಂಡು ಬಂದಿದ್ದಳು. ಶಿಸ್ತಿನ ಹುಮ್ಮಸ್ಸಿನಲ್ಲಿದ್ದ ನಾನು ಅವಳನ್ನು ಎದ್ದು ನಿಲ್ಲಿಸಿ, "ಏನಮ್ಮ, ಇನ್‌ಸ್ಪೆಕ್ಟರ್ ಸಾಹೇಬರು ತರಗತಿಗೆ ಬಂದ ಹಾಗಿದೆ" ಎಂದೆ. ತರಗತಿಗೆ ತರಗತಿಯೇ ನಕ್ಕಿತು. ಬೆಲ್ಟನ್ನು ಬಿಚ್ಚಿ ಮೇಜಿನ ಮೇಲಿಡಲು ಹೇಳಿದೆ. ಅವಳು ಇಟ್ಟಳು. ಆಮೇಲೆ ಆ ಇಡೀ ಪಾಠದ ಹೊತ್ತು ಎಡಗೈಯಿಂದ ಸೊಂಟವನ್ನು ಹಿಡಿದೇ ಕುಳಿತಿದ್ದಳು. ನನಗೆ ಅರ್ಥವಾಗಲಿಲ್ಲ. ಮರುದಿನ ಅವಳು ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ಲಂಗ ಅವಳ ಅಕ್ಕನದು, ಎರಡು ಅಳತೆ ದೊಡ್ಡದು, ಕೊಕ್ಕೆ ಕಿತ್ತುಹೋಗಿತ್ತು, ಅಪ್ಪನ ಬೆಲ್ಟಲ್ಲದೆ ಅದನ್ನು ನಿಲ್ಲಿಸುವ ಬೇರೆ ದಾರಿಯಿರಲಿಲ್ಲವೆಂದು ಅವಳ ಗೆಳತಿ ನನಗೆ ಹೇಳಿದ್ದು ವಾರದ ನಂತರ. ಬೆಲ್ಟನ್ನು ಹಿಂದಿರುಗಿಸಿದೆ. ಕ್ಷಮೆ ಕೇಳಲಿಲ್ಲ. ಮೇಷ್ಟರು ಮಕ್ಕಳಲ್ಲಿ ಕ್ಷಮೆ ಕೇಳುವ ಪದ್ಧತಿ ಆಗ ಇರಲಿಲ್ಲ ಎಂದು ಸಮಾಧಾನ ಹೇಳಿಕೊಂಡೆ.

ಹೆಣ್ಣಿನ ಸೊಂಟದ ಪಟ್ಟಿಯನ್ನು ಕಂಡೊಡನೆ ಏನಾದರೂ ಹೇಳಬೇಕೆನಿಸಿದರೆ, ಅದನ್ನು ಆಕೆ ಏಕೆ ಕಟ್ಟಿಕೊಂಡಿದ್ದಾಳೆಂದು ಮೊದಲು ಕೇಳಬೇಕು. ಸೊಗಸಿಗಿರಬಹುದು, ಅನುಕೂಲಕ್ಕಿರಬಹುದು, ಬಡತನಕ್ಕೂ ಇರಬಹುದು. ಮೂರರಲ್ಲಿ ಯಾವುದಾದರೂ ಅದು ಆಕೆಯ ವಿಷಯ. ಇಷ್ಟನ್ನು ಕಲಿಯಲು ನನಗೆ ಮೂವತ್ತು ವರ್ಷ ಹಿಡಿಯಿತು.

ಆ ಹುಡುಗಿಗೆ ಈಗ ಐವತ್ತರ ಆಸುಪಾಸು. ಅವಳ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಆದರೆ ನಾನು ಮರೆತಿಲ್ಲ. ಅಮ್ಮಾ, ಇದನ್ನು ನೀನು ಓದುತ್ತಿದ್ದರೆ, ಅಂದು ಹೇಳಬೇಕಾಗಿದ್ದ ಮಾತನ್ನು ಇಂದು ಹೇಳುತ್ತಿದ್ದೇನೆ. ತಪ್ಪು ನನ್ನದು. ಕ್ಷಮಿಸು.