ವೆನಿಸಿನಲ್ಲಿ ಎರಡು ದಿನ: ಪ್ರಣಯ ಯಾರದು, ಮನೆ ಯಾರದು?

ಹೊಸದಾಗಿ ಮದುವೆಯಾದವರು ಎರಡು ದಿನ ಬಿಡುವು ಮಾಡಿಕೊಂಡು ಕಾಲುವೆಗಳ ಊರೊಂದಕ್ಕೆ ಹೋಗಿಬರಬೇಕೆಂದು ಬಯಸಿದರೆ ಅದರಲ್ಲಿ ತಪ್ಪೇನೂ ಇಲ್ಲ. ಬಿಡುವೆಂಬುದು ಸಿರಿವಂತರ ಪಿತ್ರಾರ್ಜಿತ ಸ್ವತ್ತಲ್ಲ. ವಾರಕ್ಕೊಂದು ದಿನದ ರಜೆಯನ್ನು ಸಹ ಧಣಿಗಳು ತಾವಾಗಿ ದಯಪಾಲಿಸಲಿಲ್ಲ. ಮುಂಬಯಿಯ ಗಿರಣಿಗಳಲ್ಲಿ ಭಾನುವಾರದ ರಜೆ ಬಂದದ್ದು 1890ರಲ್ಲಿ, ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಕಾರ್ಮಿಕರು ವರ್ಷಗಟ್ಟಲೆ ಹಟ ಹಿಡಿದ ಮೇಲೆ. ಹಾಗೆ ಗಳಿಸಿದ ದಿನವನ್ನು ಗಂಡಹೆಂಡಿರು ಸಂತೋಷವಾಗಿ ಕಳೆದರೆ ಯಾರೂ ಮೂಗು ಮುರಿಯಬೇಕಾದ್ದಿಲ್ಲ.

ಆದರೆ ಆ ಸಂತೋಷವನ್ನು ಮಾರಾಟಕ್ಕಿಟ್ಟವರು ಯಾರು, ಅದರ ಲಾಭ ಯಾರಿಗೆ, ಅದರ ಭಾರ ಯಾರ ತಲೆಯ ಮೇಲೆ ಎಂದು ಕೇಳುವ ಹಕ್ಕು ನಮಗುಂಟು.

"ಪ್ರೇಮಿಗಳ ನಗರ" ಎಂದು ಪ್ರವಾಸದ ವ್ಯಾಪಾರಿಗಳು ಸಾರುವ ಊರುಗಳಲ್ಲಿ ಇಟಲಿಯ ವೆನಿಸ್ ಮುಂಚೂಣಿಯಲ್ಲಿದೆ. ಶುಕ್ರವಾರ ಸಂಜೆ ವಿಮಾನ ಹತ್ತಿ ಭಾನುವಾರ ರಾತ್ರಿ ಮನೆ ಸೇರುವ ಜೋಡಿಗಳು ಯೂರೋಪಿನ ನಾನಾ ದೇಶಗಳಿಂದ ಅಲ್ಲಿಗೆ ಬರುತ್ತವೆ. ಜರ್ಮನಿ, ಇಂಗ್ಲೆಂಡುಗಳಲ್ಲಿ ಕೆಲಸಕ್ಕಿರುವ ನಮ್ಮ ಕನ್ನಡದ ಮಕ್ಕಳೂ ಆ ಗುಂಪಿನಲ್ಲಿದ್ದಾರೆ. ಗಿರಣಿಯಲ್ಲಿ ದುಡಿಯುವವರಿಗೆ, ಪೇಟೆಯಲ್ಲಿ ಚಿಲ್ಲರೆ ಅಂಗಡಿ ಇಟ್ಟವರಿಗೆ ಈ ಊರಿನ ಗೊಡವೆ ಏಕೆ ಎನ್ನಬಹುದು. ಕಾರಣವಿದೆ. ದುಡಿಯುವವರೂ ವ್ಯಾಪಾರಿಗಳೂ ಸೇರಿ ಕಟ್ಟಿದ ಊರದು. ಇಂದು ಅವರಿಗೇ ಅಲ್ಲಿ ಮನೆ ಸಿಗುವುದು ಕಷ್ಟವಾಗಿದೆ.

ಔಷಧದ ಅಂಗಡಿಯ ಲೆಕ್ಕ

ರಿಯಾಲ್ಟೊ ಸೇತುವೆಯ ಸಮೀಪದ ಒಂದು ಔಷಧದ ಅಂಗಡಿಯ ಕಿಟಕಿಯಲ್ಲಿ 2008ರಲ್ಲಿ ಒಂದು ವಿದ್ಯುತ್ ಫಲಕವನ್ನಿಟ್ಟರು. ಅದರಲ್ಲಿರುವುದು ಔಷಧದ ಬೆಲೆಯಲ್ಲ, ಊರಿನಲ್ಲಿ ಉಳಿದಿರುವ ನಿವಾಸಿಗಳ ಸಂಖ್ಯೆ. 1951ರಲ್ಲಿ ಹಳೆಯ ವೆನಿಸಿನ ದ್ವೀಪಗಳಲ್ಲಿ ಸುಮಾರು 1 ಲಕ್ಷ 75 ಸಾವಿರ ಜನ ವಾಸವಾಗಿದ್ದರು. 2022ರಲ್ಲಿ ಆ ಸಂಖ್ಯೆ 50 ಸಾವಿರಕ್ಕಿಂತ ಕೆಳಗಿಳಿಯಿತು. ಮರುವರ್ಷ, ಅಂದರೆ 2023ರಲ್ಲಿ, ಊರಿನಲ್ಲಿ ಪ್ರವಾಸಿಗಳಿಗಾಗಿ ಹಾಸಿದ ಹಾಸಿಗೆಗಳ ಸಂಖ್ಯೆ ನಿವಾಸಿಗಳ ಸಂಖ್ಯೆಯನ್ನು ಮೀರಿತು.

ನ್ಯಾಯವಾಗಿ ಮಾತನಾಡುವುದಾದರೆ ಎಲ್ಲ ದೋಷವನ್ನೂ ಪ್ರವಾಸಿಯ ತಲೆಗೆ ಕಟ್ಟುವಂತಿಲ್ಲ. ಹಳೆಯ ಮನೆಗಳ ನೆಲಮಾಳಿಗೆಗಳಲ್ಲಿ ಉಪ್ಪುನೀರಿನ ತೇವ, ಗೋಡೆಗೆ ಬೂಷ್ಟು. 1966ರ ನವೆಂಬರ್ 4ರಂದು ಸಮುದ್ರ 194 ಸೆಂಟಿಮೀಟರ್ ಏರಿ ಊರನ್ನೇ ಮುಳುಗಿಸಿತು. ದಡದಾಚೆಯ ಮಾರ್ಗೇರಾದ ಕಾರ್ಖಾನೆಗಳಲ್ಲಿ ಕೆಲಸವಿತ್ತು, ಪಕ್ಕದ ಮೆಸ್ತ್ರೆಯಲ್ಲಿ ಒಣಗಿದ ಹೊಸ ಮನೆಗಳಿದ್ದವು. ಬಹಳ ಮಂದಿ ಅಂದೇ ಹೊರಟುಹೋದರು. ಆದರೆ ಹೋದವರ ಜಾಗಕ್ಕೆ ಹೊಸ ಸಂಸಾರಗಳು ಬರದಂತೆ ಮಾಡಿದ್ದು ದಿನಬಾಡಿಗೆಯ ವ್ಯಾಪಾರ. ತಿಂಗಳಿಗೆ ಒಬ್ಬ ದಾದಿ ಅಥವಾ ಉಪಾಧ್ಯಾಯ ಕೊಡಬಲ್ಲ ಬಾಡಿಗೆಯನ್ನು ಪ್ರವಾಸಿಗಳು ಕೆಲವೇ ದಿನಗಳಲ್ಲಿ ಕೊಡುತ್ತಾರೆಂದು ಕಂಡ ಮೇಲೆ ಮನೆಯ ಮಾಲಿಕ ಯಾರಿಗೆ ಬೀಗದ ಕೈ ಕೊಟ್ಟಾನು?

ಸಂಸಾರಗಳು ಹೋದಂತೆ ಅಂಗಡಿಗಳೂ ಹೋಗುತ್ತವೆ. ಇದು ನಮ್ಮ ಪೇಟೆಯವರಿಗೆ ಬೇರೆ ಹೇಳಬೇಕಾದ ಮಾತಲ್ಲ. ದಿನಸಿ ಕೊಳ್ಳುವ ಮನೆಯೊಡತಿ ಇಲ್ಲದ ಬೀದಿಯಲ್ಲಿ ದಿನಸಿ ಅಂಗಡಿ ಎಷ್ಟು ದಿನ ಬಾಳೀತು? ಅಲ್ಲಿ ಮುಖವಾಡ, ಆಟದ ಸಾಮಾನು, ಹೊರಗಿನಿಂದ ತಂದ ಅಗ್ಗದ ಗಾಜಿನ ಮಣಿಗಳ ಅಂಗಡಿ ಬರುತ್ತದೆ. ರಿಯಾಲ್ಟೊ ಪಕ್ಕದಲ್ಲಿ ಜರ್ಮನ್ ವರ್ತಕರಿಗಾಗಿ ಕಟ್ಟಿದ ಹಳೆಯ ಕೋಠಿಯೊಂದಿದೆ. ಬಹುಕಾಲ ಅದು ಊರಿನ ಅಂಚೆ ಕಛೇರಿಯಾಗಿತ್ತು. 2008ರಲ್ಲಿ ಅದನ್ನು ಬೆನೆಟನ್ ಮನೆತನದ ಕಂಪನಿ ಕೊಂಡಿತು. 2016ರಲ್ಲಿ ಅಲ್ಲಿ ಭಾರಿ ಬೆಲೆಯ ಸಾಮಾನುಗಳ ಮಳಿಗೆ ತೆರೆಯಿತು. 2025ರಲ್ಲಿ ಆ ಮಳಿಗೆಯೂ ಮುಚ್ಚಿತು. ಅಂಚೆ ಕಛೇರಿ ಹೋಯಿತು, ಮಳಿಗೆಯೂ ನಿಲ್ಲಲಿಲ್ಲ.

ಗಿರಣಿ ಇದ್ದಲ್ಲಿ ಹೋಟೆಲು

ವೆನಿಸ್ ಎಂದರೆ ಅರಮನೆ, ಸಂಗೀತ, ಹಾಡುವ ಅಂಬಿಗ ಎಂದಷ್ಟೇ ತಿಳಿದವರು ಜುದೆಕ್ಕಾ ದ್ವೀಪದ ಕಡೆ ಒಮ್ಮೆ ನೋಡಬೇಕು. ನೀರಿನ ಅಂಚಿನಲ್ಲಿ ಕೋಟೆಯಂತೆ ನಿಂತ ಇಟ್ಟಿಗೆಯ ಕಟ್ಟಡ ಅಲ್ಲಿದೆ. ಅದು ಜೊವಾನಿ ಸ್ಟುಕಿ 1884ರಲ್ಲಿ ಕಟ್ಟಿಸಲು ತೊಡಗಿದ ಹಿಟ್ಟಿನ ಗಿರಣಿ. ಉಚ್ಛ್ರಾಯದ ದಿನಗಳಲ್ಲಿ 1,500 ಮಂದಿ ಅಲ್ಲಿ ದುಡಿಯುತ್ತಿದ್ದರು. 1910ರಲ್ಲಿ ಕೆಲಸಗಾರನೊಬ್ಬನ ಕೈಯಲ್ಲಿ ಸ್ಟುಕಿ ಕೊಲೆಯಾದ. ಗಿರಣಿ 1955ರಲ್ಲಿ ಮುಚ್ಚಿತು. ದಶಕಗಟ್ಟಲೆ ಪಾಳು ಬಿದ್ದಿದ್ದ ಆ ಕಟ್ಟಡದಲ್ಲಿ 2007ರಿಂದ ಹಿಲ್ಟನ್ ಹೋಟೆಲು ನಡೆಯುತ್ತಿದೆ. ಹಿಟ್ಟಿನ ಧೂಳು ಹಾರುತ್ತಿದ್ದ ಮಹಡಿಗಳಲ್ಲಿ ಈಗ ಪ್ರಣಯಿಗಳಿಗೆ ಕೋಣೆಗಳು.

ಅದೇ ಊರಿನ ಸಾಂತಾ ಮಾರ್ತಾದಲ್ಲಿ ಹತ್ತಿ ಗಿರಣಿಯೊಂದಿತ್ತು. 1880ರ ದಶಕದಲ್ಲಿ ಎದ್ದ ಅದು 1960ರಲ್ಲಿ ನಿಂತಿತು. ಅಲ್ಲಿ ಈಗ ವಾಸ್ತುಶಿಲ್ಪದ ವಿಶ್ವವಿದ್ಯಾನಿಲಯ ನಡೆಯುತ್ತಿದೆ. ಗಿರಣಿ ಹೋದರೂ ಹುಡುಗರು ಓದುವ ಜಾಗವಾಯಿತು. ಒಂದೇ ಊರಿನ ಎರಡು ಗಿರಣಿಗಳ ಗತಿಯನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ. ಮುಚ್ಚಿದ ಗಿರಣಿಯ ಜಾಗವನ್ನು ಏನು ಮಾಡಬೇಕೆಂಬುದು ಹಣೆಬರಹವಲ್ಲ, ಯಾರೋ ಕುಳಿತು ಮಾಡುವ ತೀರ್ಮಾನ ಎಂಬುದು ಗೊತ್ತಾಗುತ್ತದೆ. ಗಿರಣಿಗಳು ಮುಚ್ಚಿದ್ದನ್ನು ಕಂಡ ನಮ್ಮ ಊರುಗಳಿಗೆ ಇದು ದೂರದ ಕಥೆಯಲ್ಲ.

ಅದಕ್ಕೂ ಹಿಂದೆ, 12ನೆಯ ಶತಮಾನದಷ್ಟು ಹಳೆಯದಾದ ಆರ್ಸೆನಾಲೆ ಎಂಬ ಹಡಗುಕಟ್ಟೆಯಲ್ಲಿ ಸಾವಿರಾರು ಬಡಗಿಗಳು, ಹಗ್ಗ ಹೊಸೆಯುವವರು, ಹಾಯಿ ಹೊಲಿಯುವ ಹೆಂಗಸರು ದುಡಿದುದರಿಂದಲೇ ವೆನಿಸಿನ ಸಿರಿ ಬೆಳೆಯಿತು. ಗಾಜಿನ ಕುಲುಮೆಗಳಿಂದ ಬೆಂಕಿ ಹತ್ತೀತೆಂದು 1291ರಲ್ಲಿ ಗಾಜಿನವರನ್ನೆಲ್ಲ ಮುರಾನೊ ದ್ವೀಪಕ್ಕೆ ಕಳಿಸಿದರು. ಅವರ ಕಸಬೇ ಇಂದಿಗೂ ಆ ದ್ವೀಪದ ಹೆಸರನ್ನು ಉಳಿಸಿದೆ. ಪ್ರೇಮಿಗಳು ಮುತ್ತಿಡಲು ಹುಡುಕಿಕೊಂಡು ಹೋಗುವ "ನಿಟ್ಟುಸಿರಿನ ಸೇತುವೆ" ಕೂಡ ಪ್ರಣಯಕ್ಕಾಗಿ ಕಟ್ಟಿದ್ದಲ್ಲ. ನ್ಯಾಯಸ್ಥಾನದಿಂದ ಸೆರೆಮನೆಗೆ ಕೈದಿಗಳನ್ನು ನಡೆಸಿಕೊಂಡು ಹೋಗಲು 1600ರ ಸುಮಾರಿಗೆ ಕಟ್ಟಿದ ದಾರಿ ಅದು. ಆ ನಿಟ್ಟುಸಿರು ಕೈದಿಗಳದು.

ಐದು ಯೂರೋದ ಚೀಟಿ

ನೂಕುನುಗ್ಗಲಿಗೆ ಪರಿಹಾರವೆಂದು ವೆನಿಸಿನ ನಗರಸಭೆ 2024ರ ಏಪ್ರಿಲ್ 25ರಿಂದ ಪ್ರವೇಶ ಶುಲ್ಕ ತಂದಿತು. ಆ ವರ್ಷ ಆಯ್ದ 29 ದಿನಗಳಲ್ಲಿ, ಬೆಳಿಗ್ಗೆ ಎಂಟೂವರೆಯಿಂದ ಸಂಜೆ ನಾಲ್ಕರವರೆಗೆ, ಹಗಲು ಬಂದು ಹೋಗುವವನು 5 ಯೂರೋ ಕೊಟ್ಟು ಚೀಟಿ ಪಡೆಯಬೇಕಾಯಿತು. 2025ರಲ್ಲಿ ಅದು 54 ದಿನಕ್ಕೇರಿತು. ತಡವಾಗಿ ಕೊಂಡವರಿಗೆ 10 ಯೂರೋ. ರಾತ್ರಿ ತಂಗುವವರಿಗೆ ಈ ಶುಲ್ಕವಿಲ್ಲ. ಅವರು ವಸತಿಯ ಜೊತೆಗೆ ಬೇರೆ ತೆರಿಗೆ ತೆರುತ್ತಾರೆ.

ಹಗಲಿನ ಪ್ರವಾಸಿ ಊರಿಗೆ ಕಸ ಬಿಟ್ಟು ಹೋಗುತ್ತಾನೆಯೇ ಹೊರತು ಕಾಸು ಬಿಟ್ಟು ಹೋಗುವುದಿಲ್ಲ, ಆದ್ದರಿಂದ ಅವನು ಖರ್ಚಿನಲ್ಲಿ ಪಾಲು ಕೊಡಲಿ ಎಂಬುದು ನಗರಸಭೆಯ ಕಡೆಯ ವಾದ. ಇದನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕಾಲುವೆಯ ಊರಿನಲ್ಲಿ ಕಸವನ್ನು ದೋಣಿಯಲ್ಲೇ ಸಾಗಿಸಬೇಕು, 400ಕ್ಕೂ ಹೆಚ್ಚು ಸೇತುವೆಗಳನ್ನು ದುರಸ್ತಿಯಲ್ಲಿಡಬೇಕು. ಆದರೆ ಶುಲ್ಕ ಯಾರ ಮೇಲೆ ಬಿತ್ತು ನೋಡಿ. ಊರೊಳಗೆ ಕೋಣೆ ಹಿಡಿಯುವ ಶಕ್ತಿಯಿಲ್ಲದೆ ಬುತ್ತಿ ಕಟ್ಟಿಕೊಂಡು ರೈಲಿನಲ್ಲಿ ಬರುವವನ ಮೇಲೆ. ಹತ್ತು ಮನೆ ಕೊಂಡು ದಿನಬಾಡಿಗೆಗೆ ಬಿಟ್ಟವನಿಗೆ ಈ ಚೀಟಿಯಿಂದ ಕೂದಲೂ ಕೊಂಕುವುದಿಲ್ಲ. ಊರಿಗೆ ಬಾಗಿಲಿಟ್ಟು ಚೀಟಿ ಹರಿದರೆ ಊರು ವಸ್ತುಪ್ರದರ್ಶನವಾದೀತು, ಖಾಲಿಯಾದ ಮನೆಗೆ ಮಾತ್ರ ಒಂದು ಸಂಸಾರವೂ ಮರಳಿ ಬಾರದು.

ಪರಿಹಾರ ಮನೆಗಳಲ್ಲಿದೆ. ದಿನಬಾಡಿಗೆಗೆ ಬಿಡುವುದನ್ನು ವರ್ಷಕ್ಕೆ ಇಷ್ಟೇ ದಿನ ಎಂದು ಮಿತಿಗೊಳಿಸಲು ಇಟಲಿಯ ಪಾರ್ಲಿಮೆಂಟು 2022ರಲ್ಲಿ ವೆನಿಸಿಗೆ ವಿಶೇಷ ಅಧಿಕಾರ ಕೊಟ್ಟಿದೆ. ಅದನ್ನು ಬಿಗಿಯಾಗಿ ಬಳಸಿ ಎಂಬುದು ನಿವಾಸಿ ಸಂಘಗಳ ಕೂಗು. ಜನ ಒಟ್ಟಾಗಿ ಹಟ ಹಿಡಿದರೆ ಕೆಲಸವಾಗುತ್ತದೆ ಎಂಬುದಕ್ಕೆ ಅದೇ ಊರಿನಲ್ಲಿ ಸಾಕ್ಷಿಯಿದೆ. ದೈತ್ಯ ವಿಹಾರ ಹಡಗುಗಳು ಸಾನ್ ಮಾರ್ಕೊ ಚೌಕದ ಮುಂದೆಯೇ ಹಾದು ಹೋಗುವುದನ್ನು ವಿರೋಧಿಸಿ ಅವರು ವರ್ಷಗಟ್ಟಲೆ ಸಣ್ಣ ದೋಣಿಗಳಲ್ಲಿ ಇಳಿದು ಪ್ರತಿಭಟಿಸಿದರು. 2019ರ ಜೂನ್ 2ರಂದು ಅಂಥ ಹಡಗೊಂದು ಕಟ್ಟೆಗೂ ಒಂದು ಪ್ರವಾಸಿ ದೋಣಿಗೂ ಡಿಕ್ಕಿ ಹೊಡೆಯಿತು. ಕೊನೆಗೆ 2021ರ ಆಗಸ್ಟ್ 1ರಿಂದ ಅಂಥ ಹಡಗುಗಳಿಗೆ ಆ ದಾರಿ ಮುಚ್ಚಿತು. 2025ರ ಜೂನಿನಲ್ಲಿ ಅಮೆಜಾನಿನ ಜೆಫ್ ಬೆಜೋಸ್ ಅಲ್ಲಿ ಮದುವೆ ಮಾಡಿಕೊಂಡಾಗಲೂ ಜನ ಬೀದಿಗಿಳಿದರು. ಮದುವೆಯ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಒಬ್ಬ ಕುಬೇರನ ಉತ್ಸವಕ್ಕೆ ಇಡೀ ಊರು ಬಾಡಿಗೆಯ ಛತ್ರವೇ ಎಂಬುದು ಅವರ ಪ್ರಶ್ನೆ.

ಹೋಗುವವರಿಗೆ ನಾಲ್ಕು ಮಾತು

ಹಾಗಾದರೆ ವೆನಿಸಿಗೆ ಹೋಗಬಾರದೇ? ಹೋಗಬೇಕು. ಹೇಗೆ ಹೋಗಬೇಕೆಂಬುದನ್ನು ಮಾತ್ರ ಯೋಚಿಸಬೇಕು. ಲೆಕ್ಕಕ್ಕೆ ಯೂರೋ ಒಂದಕ್ಕೆ ಸುಮಾರು ನೂರು ರೂಪಾಯಿ ಎಂದು ಹಿಡಿಯಿರಿ.

ಮೊದಲನೆಯದು ವಸತಿ. ಸಂಸಾರವನ್ನು ಎಬ್ಬಿಸಿ ಖಾಲಿ ಮಾಡಿಸಿದ ಮನೆಯಲ್ಲಿ ತಂಗುವ ಬದಲು, ಮಾಲಿಕರೇ ಇದ್ದು ನಡೆಸುವ ಸಣ್ಣ ವಸತಿಗೃಹವನ್ನು ಹುಡುಕಿರಿ. ಗಾಲಿ ಪೆಟ್ಟಿಗೆ ಬೇಡ, ಕೈಚೀಲ ಸಾಕು. ಸೇತುವೆಗೆಲ್ಲ ಮೆಟ್ಟಿಲುಗಳಿವೆ.

ಎರಡನೆಯದು ದೋಣಿ. ಗೊಂಡೊಲದಲ್ಲಿ ಸುಮಾರು ಅರ್ಧ ಗಂಟೆಗೆ ನಗರದ ಗೊತ್ತುಪಡಿಸಿದ ದರ ಹಗಲು 90 ಯೂರೋ, ಸಂಜೆ ಏಳರ ಮೇಲೆ 110. ಇದು ಇಡೀ ದೋಣಿಗೆ, ತಲೆಗೆ ಇಷ್ಟೆಂದಲ್ಲ. ಒಂಬತ್ತು ಸಾವಿರ ರೂಪಾಯಿ ಹೆಚ್ಚೆನಿಸಿದರೆ ಬೇಸರ ಬೇಡ. ದೊಡ್ಡ ಕಾಲುವೆಯನ್ನು ದಾಟಿಸುವ ಹಾಯುದೋಣಿಯೂ ಗೊಂಡೊಲದ ಜಾತಿಯದೇ, ಅದಕ್ಕೆ 2 ಯೂರೋ. ಸಾರ್ವಜನಿಕ ಯಂತ್ರದೋಣಿಗೆ ಒಂದು ಸಲಕ್ಕೆ ಒಂಬತ್ತೂವರೆ ಯೂರೋ, ಎರಡು ದಿನದ ಚೀಟಿಗೆ 35. ಒಂದನೆಯ ನಂಬರಿನ ದೋಣಿ ಹತ್ತಿ ಕುಳಿತರೆ ದೊಡ್ಡ ಕಾಲುವೆಯ ಅರಮನೆಗಳೆಲ್ಲ ಎರಡು ಬದಿಯಲ್ಲೂ ಸಾಲಾಗಿ ಬರುತ್ತವೆ.

ಮೂರನೆಯದು ಪೇಟೆ. ಶನಿವಾರ ಬೆಳಿಗ್ಗೆಯೇ ರಿಯಾಲ್ಟೊ ಸಂತೆಗೆ ಹೋಗಿರಿ. ಮೀನಿನ ಕಟ್ಟೆಗೆ ಭಾನುವಾರ, ಸೋಮವಾರ ರಜೆ. ಹಣ್ಣು ಕೊಳ್ಳಿರಿ, ಗಾಜು ಕೊಂಡರೆ ಮುರಾನೊದ ಮುದ್ರೆಯಿದೆಯೇ ನೋಡಿ ಕೊಳ್ಳಿರಿ. ಊರಿನವರು ನಿಂತು ತಿಂಡಿ ತಿನ್ನುವ ಬಾಕರೊ ಎಂಬ ಸಣ್ಣ ಅಂಗಡಿಗಳಲ್ಲಿ ತಿಂದರೆ ಹಣ ಊರಿನಲ್ಲೇ ಉಳಿಯುತ್ತದೆ.

ನಾಲ್ಕನೆಯದು ಹೊತ್ತು. ಹಗಲಿನ ಗುಂಪು ಕರಗಿದ ಮೇಲೆ ಕನ್ನರೇಜಿಯೊ, ಕಸ್ತೆಲ್ಲೊ ಕೇರಿಗಳ ಕಾಲುವೆಯ ದಂಡೆಯಲ್ಲಿ ನಡೆಯಿರಿ. ಬಟ್ಟೆ ಒಣಹಾಕಿದ ಕಿಟಕಿ, ಅಂಗಳದಲ್ಲಿ ಚೆಂಡಾಡುವ ಮಕ್ಕಳು ಕಂಡರೆ ಅದೇ ನಿಜವಾದ ವೆನಿಸ್. 1516ರಲ್ಲಿ ಯಹೂದ್ಯರನ್ನು ಕೂಡಿಹಾಕಿದ ಗೆಟ್ಟೊ ಕೇರಿಯೂ ಅಲ್ಲೇ ಇದೆ. ಜಗತ್ತಿಗೆ ಆ ಮಾತು ಬಂದದ್ದೇ ಅಲ್ಲಿಂದ.

ಕೋಣೆ ಗುಡಿಸುವವರು, ಪಾತ್ರೆ ತೊಳೆಯುವವರು, ಅಡಿಗೆಯವರು ಬಹಳ ಮಂದಿ ಪ್ರತಿದಿನ ಮೆಸ್ತ್ರೆಯಿಂದ ದೊಡ್ಡ ಸೇತುವೆ ದಾಟಿ ಬರುವವರು. ಅವರಲ್ಲಿ ಬಂಗಾಳದ ಕಡೆಯಿಂದ ಹೋದ ನಮ್ಮ ಉಪಖಂಡದ ಜನರೂ ಇದ್ದಾರೆ. ಅವರು ಹಾಸಿದ ಹಾಸಿಗೆಯಲ್ಲಿ ಮಲಗಿ ಎದ್ದವರು ಅವರಿಗೂ ಆ ಊರಿನಲ್ಲಿ ಒಂದು ಮನೆ ಸಿಗಬೇಕೆಂದು ಒಪ್ಪಬೇಕು. ಪರದೇಶದಲ್ಲಿರುವ ಮಕ್ಕಳು ಈ ಬಾರಿ ವೆನಿಸಿಗೆ ಹೊರಟಿದ್ದೇವೆಂದು ಫೋನು ಮಾಡಿದರೆ ಸಂತೋಷಪಡಿ. ಯಾರ ಮನೆಯಲ್ಲಿ ತಂಗುತ್ತೀರಪ್ಪಾ ಎಂದೂ ಒಂದು ಮಾತು ಕೇಳಿ.